ಆಸ್ಪತ್ರೆಯ ಸರದಿಯೂ ಗಣಕಯಂತ್ರವೂ

ಜೋಯಿಡಾ ತಾಲ್ಲೂಕಿನ ಅಣಶಿಯು ದಟ್ಟವಾದ ಕಾಡಿನ ನಡುವಣ ಊರು. ಅಂಥ ಊರಿನಿಂದ ಬಸ್ಸು ಹತ್ತಿ ಪೇಟೆಯ ಆಸ್ಪತ್ರೆಗೆ ಬಂದ ರೋಗಿಗೆ ಕಾಯುವುದೆಂದರೆ ಬರಿಯ ಬೇಸರವಲ್ಲ. ಹಿಂದಿರುಗುವ ಬಸ್ಸು ತಪ್ಪಿದರೆ ಅಂದು ಮನೆ ಸೇರುವುದೇ ಕಷ್ಟ. ವೈದ್ಯರ ಸಂಖ್ಯೆಯನ್ನು ಹೆಚ್ಚಿಸದೆ ಈ ಕಾಯುವಿಕೆಯನ್ನು ಕಡಮೆ ಮಾಡಬಹುದೆ?

ನಾವೊಂದು ಹೊರರೋಗಿ ವಿಭಾಗವನ್ನು ಕಲ್ಪಿಸಿಕೊಳ್ಳೋಣ. ವೈದ್ಯರು ಒಬ್ಬರೇ, ಒಬ್ಬ ರೋಗಿಯ ಪರೀಕ್ಷೆಗೆ ಸರಾಸರಿ 7 ನಿಮಿಷ. ಬೆಳಗ್ಗೆ 9 ಗಂಟೆಗೆ ಬಾಗಿಲು ತೆರೆಯುವಾಗ ಪೇಟೆಯ 12 ಮಂದಿ ಸಾಲಿನಲ್ಲಿ ನಿಂತಿದ್ದಾರೆ. ಆಗತಾನೆ ಬಸ್ಸಿನಿಂದ ಇಳಿದ 12 ಮಂದಿ ಅವರ ಹಿಂದೆ. ಕಟ್ಟಕಡೆಯವರು 23 × 7, ಅಂದರೆ 161 ನಿಮಿಷ ಕಾಯಬೇಕು. ಇನ್ನು ಬಸ್ಸಿನವರನ್ನು ಮೊದಲು ನೋಡಿ, ಪೇಟೆಯವರಿಗೆ 84 ನಿಮಿಷಗಳ ಬಳಿಕ, ಎಂದರೆ 10 ಗಂಟೆ 24 ನಿಮಿಷದಿಂದ ಮೊದಲ್ಗೊಂಡು, ಏಳೇಳು ನಿಮಿಷಕ್ಕೊಬ್ಬರಂತೆ ಬರಹೇಳಿದೆವೆನ್ನಿ. ಆಗ ಬಸ್ಸಿನವರಲ್ಲಿ ಕಡೆಯವರು ಕಾಯುವುದು 77 ನಿಮಿಷ. ವೈದ್ಯರ ದುಡಿಮೆ ಮೊದಲಿನಷ್ಟೇ.

ಆದರೆ 7 ಎಂಬುದು ಸರಾಸರಿ ಮಾತ್ರ. ಒಬ್ಬರಿಗೆ 2 ನಿಮಿಷ ಸಾಕು, ಇನ್ನೊಬ್ಬರಿಗೆ 12 ಬೇಕು. ಈ ಏರುಪೇರನ್ನು ಎರಡು ದಾಳಗಳಿಂದ ಅನುಕರಿಸಬಹುದು. ಅವುಗಳ ಮೊತ್ತದ ಸರಾಸರಿಯೂ 7. ಪ್ರತಿ ರೋಗಿಗೂ ದಾಳ ಹಾಕಿ, ಬಂದ, ಒಳಹೊಕ್ಕ, ಹೊರಬಂದ ವೇಳೆಗಳನ್ನು ಬರೆಯುತ್ತ ಹೋದರೆ ಕಾಗದದ ಮೇಲೆ ಆಸ್ಪತ್ರೆಯ ಒಂದು ದಿನ ಕಳೆಯುತ್ತದೆ. ಬಸ್ಸಿನವರ ಪರೀಕ್ಷೆ ತಡವಾದ ದಿನ ವೇಳೆಗೆ ಸರಿಯಾಗಿ ಬಂದ ಪೇಟೆಯವರೂ ಕಾಯಬೇಕು. ಬೇಗ ಮುಗಿದ ದಿನ ವೈದ್ಯರೇ ಸುಮ್ಮನೆ ಕುಳಿತಿರಬೇಕು. ಸರಾಸರಿಯ ಲೆಕ್ಕವು ಮರೆಮಾಡಿದ್ದನ್ನು ದಾಳವು ತೋರಿಸುತ್ತದೆ.

ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಲಿಯವರು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊರರೋಗಿಗಳ ಸರದಿಯನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಹೀಗೆಯೇ ಪರೀಕ್ಷಿಸಿದ್ದರು. ವೈದ್ಯರು ಕೆಲಸಕ್ಕೆ ತೊಡಗುವಾಗ ಇಬ್ಬರು ರೋಗಿಗಳು ಸಿದ್ಧರಿದ್ದು, ಉಳಿದವರು ಸರಾಸರಿ ಅವಧಿಗೊಬ್ಬರಂತೆ ಬರುವುದು ಲೇಸೆಂಬುದು ಅವರ ಸಲಹೆ.

ಗಣಕಯಂತ್ರವು ಇಂಥ ಸಾವಿರ ದಿನಗಳನ್ನು ಕ್ಷಣಮಾತ್ರದಲ್ಲಿ ಕಳೆಯಬಲ್ಲುದು. ನೋಂದಣಿ, ರಕ್ತಪರೀಕ್ಷೆ, ಔಷಧ ವಿತರಣೆಗಳ ಸರದಿಗಳನ್ನೂ ಅದರಲ್ಲಿ ಸೇರಿಸಬಹುದು; ತುರ್ತು ರೋಗಿಗಳನ್ನು ಸರದಿಗೆ ಕಾಯದೆ ಒಳಗೆ ಬಿಡುವ ನಿಯಮವನ್ನೂ ಇಡಬಹುದು. ನಿಜವಾದ ರೋಗಿಯೊಬ್ಬರನ್ನೂ ತೊಂದರೆಗೀಡುಮಾಡದೆ ಹತ್ತು ಏರ್ಪಾಡುಗಳನ್ನು ಒರೆಗೆ ಹಚ್ಚಬಹುದು. ಆದರೆ ಯಂತ್ರಕ್ಕೆ ಕೊಡುವ ಅಂಕಿಗಳು ದಾಳದವಾಗಿರದೆ, ನಿಜವಾದ ಸಾಲಿನ ಬಳಿ ಗಡಿಯಾರ ಹಿಡಿದು ಅಳೆದವಾಗಿರಬೇಕು. ಅಳತೆ ತಪ್ಪಿದರೆ ಉತ್ತರವೂ ತಪ್ಪು.

ಪೇಟೆಯವರನ್ನು 10 ಗಂಟೆ 10 ನಿಮಿಷದಿಂದಲೇ ಬರಹೇಳಿದರೆ ಯಾರ ಕಾಯುವಿಕೆ ಎಷ್ಟು ಬದಲಾಗುವುದು? ವೈದ್ಯರ ಎಷ್ಟು ಸಮಯ ಉಳಿಯುವುದು? ವಿದ್ಯಾರ್ಥಿಗಳು ಎರಡು ದಾಳಗಳನ್ನು ಹಿಡಿದು ಲೆಕ್ಕ ಹಾಕಿ ನೋಡಲಿ.