ಗಣಕಯಂತ್ರದ ನವೀಕರಣ: ವರ್ತಕರು ವಹಿಸಬೇಕಾದ ಮುನ್ನೆಚ್ಚರಿಕೆ

ಚಾಮರಾಜಪೇಟೆಯ ಸಗಟು ಮಳಿಗೆಯಾಗಲಿ, ಬಸವನಗುಡಿಯ ಕಿರು ಉದ್ದಿಮೆಯಾಗಲಿ, ಇಂದು ಖಾತೆ, ದಾಸ್ತಾನು, ಜಿಎಸ್‌ಟಿ ಲೆಕ್ಕಗಳು ಗಣಕಯಂತ್ರವನ್ನೇ ಅವಲಂಬಿಸಿವೆ. ಅದರ ಕಾರ್ಯಾಚರಣಾ ವ್ಯವಸ್ಥೆಯನ್ನು ನವೀಕರಿಸದಿರುವುದು ಅಪಾಯಕರ. ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ನೀಡಿದ್ದ ಭದ್ರತಾ ಪರಿಹಾರವನ್ನು ಅಳವಡಿಸಿಕೊಳ್ಳದ ಯಂತ್ರಗಳು ಮೇ ತಿಂಗಳಿನಲ್ಲಿ ವನ್ನಾಕ್ರೈ ದಾಳಿಗೆ ತುತ್ತಾದವು. ಸಿದ್ಧತೆಯಿಲ್ಲದ ನವೀಕರಣವೂ ಅಷ್ಟೇ ಅಪಾಯಕರ. 2018ರ ಅಕ್ಟೋಬರ್‌ನ ವಿಂಡೋಸ್ 10 ನವೀಕರಣವು ಕೆಲವು ಬಳಕೆದಾರರ ಕಡತಗಳನ್ನೇ ಅಳಿಸಿದ್ದರಿಂದ ಅದರ ವಿತರಣೆಯನ್ನು ತಡೆಹಿಡಿಯಬೇಕಾಯಿತು.

ಆದಕಾರಣ ಈ ಕೆಳಗಿನ ಕ್ರಮಗಳು ಅವಶ್ಯ.

1. ಟ್ಯಾಲಿ ಮೊದಲಾದ ಲೆಕ್ಕದ ದತ್ತಾಂಶವನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ಬೇರೊಂದು ಯಂತ್ರದಲ್ಲಿ ತೆರೆದು ಪರೀಕ್ಷಿಸಬೇಕು. ಬಳಿಕ ಡಿಸ್ಕನ್ನು ಕಳಚಿಡಬೇಕು.

2. ದಿನವನ್ನು ವಿವೇಚಿಸಿ ಆರಿಸಬೇಕು. ವಿಂಡೋಸ್‌ನ ಮಾಸಿಕ ನವೀಕರಣ ಎರಡನೆಯ ಮಂಗಳವಾರ ಬಿಡುಗಡೆಯಾಗುತ್ತದೆ. ಅದರ ನಂತರದ ಭಾನುವಾರ ಯಾವಾಗಲೂ 13ರಿಂದ 19ನೆಯ ತಾರೀಖಿನೊಳಗೆ ಬರುವುದು. ಮಾಸಿಕ ವಿವರ ಸಲ್ಲಿಸುವವರಿಗೆ 11ರ ಜಿಎಸ್‌ಟಿಆರ್-1 ಹಾಗೂ 20ರ ಜಿಎಸ್‌ಟಿಆರ್-3ಬಿ ಗಡುವುಗಳ ನಡುವಣ ಈ ದಿನವೇ ಸೂಕ್ತ.

3. ಮುದ್ರಕ ಹಾಗೂ ಡಿಜಿಟಲ್ ಸಹಿಯ ಟೋಕನ್‌ಗಳ ಚಾಲಕ ತಂತ್ರಾಂಶ, ಬಿಟ್‌ಲಾಕರ್ ಇದ್ದಲ್ಲಿ ಅದರ ಮರುಪ್ರಾಪ್ತಿ ಕೀಲಿ ಕೈಯಲ್ಲಿರಬೇಕು.

4. ನಡುವೆ ವಿದ್ಯುತ್ ಕಡಿತವಾಗದಂತೆ ಯುಪಿಎಸ್ ಇರಬೇಕು.

ಹಲವು ಯಂತ್ರಗಳಿದ್ದಲ್ಲಿ ಮೊದಲು ಒಂದನ್ನು ನವೀಕರಿಸಿ, ಅದರಲ್ಲಿ ಒಂದು ಬಿಲ್ಲು ಮುದ್ರಿಸಿ ನೋಡಿದ ಬಳಿಕವೇ ಉಳಿದವುಗಳಿಗೆ ಕೈಹಾಕುವುದು ಕ್ಷೇಮಕರ.