ಮೂಢನೂ ಮುಗ್ಧನೂ

ಪಾಠವೊಪ್ಪಿಸಲಾರದೆ ನಿಂತ ಬಾಲಕನನ್ನು 'ಮೂಢ' ಎಂದು ಗದರುವುದು ಹಿಂದಿನವರ ವಾಡಿಕೆ. ಬುದ್ಧಿಯೇ ಇಲ್ಲದವನೆಂಬುದು ಬೈದವರ ಅಭಿಪ್ರಾಯ. ಪದದ ಮೂಲಾರ್ಥವಾದರೋ ಬೇರೆ.

'ಮುಹ್' ಎಂಬ ಸಂಸ್ಕೃತ ಧಾತುವಿಗೆ ಮೋಹಗೊಳ್ಳು, ದಿಕ್ಕುಗೆಡು ಎಂದರ್ಥ. ಇದರ ಭೂತಕೃದಂತವು ಪಾಣಿನಿಯ ಅಷ್ಟಾಧ್ಯಾಯಿಯ 8-2-33ನೆಯ ಸೂತ್ರದ ವಿಕಲ್ಪದಿಂದ ಎರಡು ರೂಪಗಳನ್ನು ತಾಳುತ್ತದೆ: ಒಂದು ಮೂಢ, ಮತ್ತೊಂದು ಮುಗ್ಧ. ಒಂದೇ ಬಸಿರಿನ ಈ ಅವಳಿಗಳಲ್ಲಿ ಒಂದು ಬೈಗುಳವಾಯಿತು; ಇನ್ನೊಂದು ಭಕ್ತನ ಬಿರುದಾಯಿತು.

ಹಾಸನ ಜಿಲ್ಲೆಯ ಹಳೇಬೀಡಿನಲ್ಲಿ ಹೊಯ್ಸಳರ ಕರಣಿಕನಾಗಿದ್ದನೆಂದು ಪ್ರತೀತಿಯುಳ್ಳ ಹರಿಹರನು ಇಂತಹ ಮುಗ್ಧರ ರಗಳೆಗಳನ್ನು ರಚಿಸಿದನು. ಕಣ್ಣಪ್ಪನು ಶಿವನಿಗೆ ಮಾಂಸವನ್ನು ಅರ್ಪಿಸಿದನು, ತನ್ನ ಕಣ್ಣನ್ನೂ ಕಿತ್ತುಕೊಟ್ಟನು. ಕೋಳೂರ ಕೊಡಗೂಸು ಶಿವನು ಹಾಲನ್ನು ಕುಡಿದೇ ಕುಡಿಯುವನೆಂದು ನಂಬಿದಳು. ಲೋಕದ ಕಣ್ಣಿಗೆ ಇವರು ಮೂಢರು; ಶಿವನಿಗೆ ಮುಗ್ಧರು.

ಮೂಢತೆಯು ಹುಟ್ಟುಗುಣವಲ್ಲ, ಒದಗಿದ ಸ್ಥಿತಿ. ದಿಕ್ಕುಗೆಟ್ಟವನಿಗೆ ದಾರಿಯನ್ನು ತೋರಬೇಕಲ್ಲದೆ ಬೈದು ಫಲವಿಲ್ಲ. ಬೈದಷ್ಟೂ ಮಗುವಿನ ದಿಗ್ಭ್ರಮೆ ಹೆಚ್ಚುವುದು. ಆದುದರಿಂದ ಬೋಧಕನು ಬಾಯ್ದೆರೆಯುವ ಮುನ್ನ, ತಾನು ಕಲಿಸಿದ ಬಗೆ ಆ ಮಗುವಿಗೆ ಬೆಳಕಾಯಿತೋ ಕತ್ತಲಾಯಿತೋ ಎಂದು ವಿಚಾರಿಸಿಕೊಳ್ಳಲಿ.