ಜೋಡಿ ಫ್ಲ್ಯಾಟಿಗೆ ಒಂದೇ ವೈಫೈ

ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟ್ ಕೊಂಡು ನಡುವೆ ಬಾಗಿಲು ತೆಗೆಸಿಕೊಂಡ ಮನೆಗಳಿವೆ. ಇಂಟರ್‌ನೆಟ್ ಪೆಟ್ಟಿಗೆ ಮಾತ್ರ ಒಂದು ಕಡೆಯ ಹಾಲ್‌ನಲ್ಲಿ. ಕಾಂಕ್ರೀಟ್ ಗೋಡೆ ದಾಟಿ ಕೊನೆಯ ಕೋಣೆಗೆ ಸಿಗ್ನಲ್ ಮುಟ್ಟುವುದಿಲ್ಲ. ಕಪಾಟಿನಲ್ಲಿದ್ದ ಹಳೆಯ ರೂಟರ್ ತೆಗೆದು, ಕೇಬಲ್ ಎಳೆದು ನಮ್ಮ ಮನೆಯಲ್ಲೂ ಅಲ್ಲಿಟ್ಟೆವು. ಅಮ್ಮನ ಫೋನಿನಲ್ಲಿ ಸಿಗ್ನಲ್ ಪೂರ್ತಿ, ಆದರೆ ನೆಟ್ ಇಲ್ಲ. ನನ್ನ ಫೋನಿನಲ್ಲಿ ಎಲ್ಲ ಸರಿ.

ಕಾರಣ ಡಿಎಚ್‌ಸಿಪಿ. ಮನೆಗೆ ಬಂದ ಪ್ರತಿ ಫೋನಿಗೂ ಒಂದು ವಿಳಾಸ ಕೊಟ್ಟು, ಹೊರಗೆ ಹೋಗುವ ದಾರಿ ಯಾವುದೆಂದು ಹೇಳುವುದು ಅದರ ಕೆಲಸ. ಎರಡೂ ರೂಟರ್‌ಗಳು ವಿಳಾಸ ಹಂಚಲು ನಿಂತರೆ, ಯಾವುದು ಮೊದಲು ಉತ್ತರ ಕೊಟ್ಟಿತೋ ಸಾಮಾನ್ಯವಾಗಿ ಫೋನ್ ಅದನ್ನೇ ನಂಬುತ್ತದೆ. ಹಳೆಯ ರೂಟರ್ ತನ್ನನ್ನೇ ದಾರಿ ಎಂದು ತೋರಿಸುತ್ತದೆ, ಅದಕ್ಕೋ ಹೊರದಾರಿಯೇ ಇಲ್ಲ. ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು.

ಮೊದಲು ನೆಟ್ ಬರುತ್ತಿರುವ ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ, ಅಂದರೆ ಆ ಹೊರದಾರಿಯ ವಿಳಾಸ, ನೋಡಿ. 192.168.1.1 ಎಂದಿರಬಹುದು; ಜಿಯೋದಲ್ಲಿ ಸಾಮಾನ್ಯವಾಗಿ 192.168.29.1. ಅದನ್ನು ಬ್ರೌಸರಿನಲ್ಲಿ ತೆರೆದು, ಮುಖ್ಯ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಹಂಚುವ ವಿಳಾಸಗಳ ಕೊನೆಯ ಸಂಖ್ಯೆ 10ರಿಂದ ಶುರುವಾಗುವಂತೆ ಮಾಡಿ; 2 ಹಳೆಯ ರೂಟರಿಗೆ ಉಳಿಯಬೇಕು.

ಈಗ ಹಳೆಯ ರೂಟರ್ ಒಂದನ್ನೇ ಲ್ಯಾಪ್‌ಟಾಪಿಗೆ ಕೇಬಲ್‌ನಲ್ಲಿ ಜೋಡಿಸಿ. ಹಿಂದಿನ ಸಣ್ಣ ತೂತಿನಲ್ಲಿ ಪಿನ್ ಒತ್ತಿ ಹತ್ತು ಸೆಕೆಂಡ್ ಹಿಡಿದರೆ ಹಳೆಯದೆಲ್ಲ ಅಳಿಯುತ್ತದೆ. ಅದರ ತಳದಲ್ಲಿ ಅಚ್ಚಾದ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, ವೈಫೈ ಹೆಸರು, ಪಾಸ್‌ವರ್ಡ್ ಹಾಲ್‌ನದ್ದೇ ಕೊಡಿ. ಚಾನೆಲ್ ಮಾತ್ರ ಬೇರೆ, ಅಲ್ಲಿ 1 ಇದ್ದರೆ ಇಲ್ಲಿ 6 ಅಥವಾ 11. ಆಮೇಲೆ ಡಿಎಚ್‌ಸಿಪಿ ಆಫ್ ಮಾಡಿ. ರೂಟರಿನ ಲ್ಯಾನ್ ವಿಳಾಸವನ್ನು 192.168.1.2 (ಜಿಯೋ ಇದ್ದರೆ 192.168.29.2) ಎಂದು ಬದಲಿಸುವುದು ಕಟ್ಟಕಡೆಗೆ, ಏಕೆಂದರೆ ಅದಾದೊಡನೆ ಸಂಪರ್ಕ ಕಡಿಯುತ್ತದೆ. ಗಾಬರಿ ಬೇಡ, ಅದು ಹಾಗೆಯೇ. ಡಿಎಚ್‌ಸಿಪಿ ಆಫ್ ಆದಾಗಲೇ ಕಡಿದರೆ ಲ್ಯಾಪ್‌ಟಾಪಿಗೆ ಅದೇ ಸಾಲಿನ ಒಂದು ವಿಳಾಸವನ್ನು ಕೈಯಾರೆ ಕೊಟ್ಟು ಮುಂದುವರಿಸಿ.

ಹಾಲ್‌ನಿಂದ ಬಂದ ಕೇಬಲನ್ನು ಬೇರೆ ಬಣ್ಣದ ವ್ಯಾನ್ ಪೋರ್ಟಿಗೆ ಹಾಕಬೇಡಿ. ಲ್ಯಾನ್ ಪೋರ್ಟಿಗೇ ಹಾಕಿ. ಎಲ್ಲರೂ ತಪ್ಪುವುದು ಇಲ್ಲೇ. ನವಿ ಮುಂಬಯಿಯ ಐರೋಲಿ, ವಾಶಿಯ ರೋಹೌಸಿನ ಮೇಲಂತಸ್ತಿಗೂ ಇದೇ ಕ್ರಮ. ತಾಮ್ರದ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಸಾಗುತ್ತದೆ.

ಪ್ರತಿ ಫೋನಿನಲ್ಲೂ ವೈಫೈ ಅಳಿಸಿ ಮತ್ತೆ ಸೇರಿಸಿ. ಗೇಟ್‌ವೇ ಹಾಲ್‌ನದ್ದೇ ಕಂಡರೆ ಕೆಲಸ ಆದಂತೆ. ಹಳೆಯ ರೂಟರ್ ತನ್ನ ತಳದಲ್ಲಿ ಅಚ್ಚಾದ ವಿಳಾಸದಲ್ಲಿ ಇನ್ನು ತೆರೆಯುವುದಿಲ್ಲ. ಹೊಸದನ್ನು ಚೀಟಿಯಲ್ಲಿ ಬರೆದು ಅದರ ಮೇಲೆಯೇ ಅಂಟಿಸಿಡಿ.